ನಂಬು ಪಿಸ್ತೂಲನ್ನು ನಂಬುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಹಳೆಯ ಸೇನಾ ಪಿಸ್ತೂಲುಗಳ ಬಗ್ಗೆ ನಾನು ಓದುತ್ತಾ, ಫೋಟೋ ಕೂಡಿಹಾಕುತ್ತಾ, ಪಟ್ಟಿ ಮಾಡುತ್ತಾ ಬಹಳ ಕಾಲವಾಯಿತು. ಈ ಹುಚ್ಚು ಗೊತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಬಳಿ ಒಂದು ಪಿಸ್ತೂಲೂ ಇಲ್ಲ. ಇರುವುದು ಫೋಟೋ, ಭೂತಗನ್ನಡಿ, ಮತ್ತೆ ಒಂದು ದಪ್ಪ ರೂಲ್ ಪುಸ್ತಕ.

‘ನಂಬು’ ಅಂದರೆ ನಮ್ಮ ನಂಬುವುದೇನಾ?

ಅಲ್ಲ. ಅದೊಂದು ಮನೆತನದ ಹೆಸರು. ನಂಬು ಕಿಜಿರೋ ಅನ್ನುವ ಜಪಾನಿ ಸೇನಾಧಿಕಾರಿ 1869 ರಲ್ಲಿ ಸಾಗಾದಲ್ಲಿ ಹುಟ್ಟಿದರು, 1949 ರಲ್ಲಿ ತೀರಿಕೊಂಡರು. ಲೆಫ್ಟಿನೆಂಟ್ ಜನರಲ್ ಹುದ್ದೆಯವರೆಗೆ ಏರಿದವರು. 20 ನೇ ಶತಮಾನದ ಮೊದಲರ್ಧದಲ್ಲಿ ಜಪಾನಿ ಸೇನೆ ಬಳಸಿದ ಪಿಸ್ತೂಲು, ಮಷಿನ್ ಗನ್‌ಗಳಲ್ಲಿ ಮುಖ್ಯವಾದವು ಬಹಳಷ್ಟು ಇವರ ಕೈಯಿಂದಲೇ ಬಂದವು. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅಮೆರಿಕಕ್ಕೆ ಹೇಗೋ ಜಪಾನಿಗೆ ಇವರು ಹಾಗೆ ಅನ್ನುತ್ತಾರೆ. ಮಾತು ಸ್ವಲ್ಪ ಉದಾರವಾಯಿತು ಅಂತ ನನಗನಿಸುತ್ತದೆ, ಆದರೆ ತೀರಾ ಸುಳ್ಳೂ ಅಲ್ಲ.

ಕನ್ನಡದಲ್ಲಿ ಬರೆಯುವಾಗ ಮಾತ್ರ ಈ ಹೆಸರು ಒಳ್ಳೆಯ ತಮಾಷೆ ಕೊಡುತ್ತದೆ. ಈ ಪಿಸ್ತೂಲು ಕೊಳ್ಳುವವರಿಗೆ ಬೇಕಾದ ಮೊದಲ ಗುಣ ಯಾರನ್ನೂ ಸುಲಭಕ್ಕೆ ನಂಬದೇ ಇರುವುದು.

ಒಟ್ಟು ಎಷ್ಟು ಬಗೆ ಇವೆ?

ಸೇನೆಯಲ್ಲಿ ಹೆಚ್ಚಾಗಿ ಓಡಾಡಿದವು ಇಷ್ಟು. 1893 ರ ಟೈಪ್ 26 ರಿವಾಲ್ವರ್. 1902 ರ ಸುಮಾರಿಗೆ ರೂಪ ಪಡೆದ ಮೂಲ ನಂಬು ಮತ್ತು ಅದರ ತಿದ್ದಿದ ರೂಪಗಳು. 1925 ರಲ್ಲಿ ಸೇನೆ ಒಪ್ಪಿಕೊಂಡ ಟೈಪ್ 14. 1934 ರ ಟೈಪ್ 94. ಇವಲ್ಲದೆ ಹಿನೊ-ಕೊಮುರೊ, ಹಮಾದ, ಸುಗಿಉರ ಅಂತ ಕಡಿಮೆ ಸಂಖ್ಯೆಯವು ಬೇರೆ ಇವೆ. ಸಂಗ್ರಹಕಾರರ ತಲೆ ಹೆಚ್ಚಾಗಿ ತಿನ್ನುವುದು ಟೈಪ್ 14. ಅದು ಎರಡು ಲಕ್ಷಕ್ಕೂ ಹೆಚ್ಚು ತಯಾರಾಯಿತು, 1926 ರಿಂದ 1945 ರವರೆಗೆ ಬಂತು, ಮತ್ತು ಆ ಅವಧಿಯಲ್ಲಿ ಅದರ ಒಂದಲ್ಲ ಒಂದು ಭಾಗ ಬದಲಾಗುತ್ತಲೇ ಇತ್ತು. ಹಾಗಾಗಿ ಈ ಪುಟದ ಬಹುಪಾಲು ಅದಕ್ಕೇ.

ಅಜ್ಜ, ಅಪ್ಪ, ಕೂಸು ಅಂತ ಕೇಳಿದ್ದೇನೆ. ಏನದು?

ಅಮೆರಿಕದ ಸಂಗ್ರಹಕಾರರು ಮೂಲ ನಂಬುವಿನ ಮೂರು ರೂಪಗಳಿಗೆ ಇಟ್ಟ ಅಡ್ಡಹೆಸರು. ಗ್ರ್ಯಾಂಡ್‌ಪಾ, ಪಾಪಾ, ಬೇಬಿ. ಜಪಾನಿಗರು ಹಾಗೆ ಕರೆಯುತ್ತಿರಲಿಲ್ಲ.

ಅಜ್ಜ ಎಲ್ಲಕ್ಕಿಂತ ಹಳೆಯದು. ಸುಮಾರು 2,400 ಮಾತ್ರ ತಯಾರಾದವು. ಟ್ರಿಗರ್ ಸುತ್ತಲಿನ ಬಳೆ ಚಿಕ್ಕದು, ಹಗ್ಗ ಕಟ್ಟುವ ಕೊಂಡಿ ಅಲುಗಾಡದ್ದು, ಮ್ಯಾಗಜೀನಿನ (ಗುಂಡು ತುಂಬುವ ಡಬ್ಬಿಯ) ತಳ ಮರದ್ದು. ಹಿಡಿಯ ಹಿಂದೆ ಒಂದು ಕೊರೆದ ತೋಡು ಇರುತ್ತದೆ, ಪಿಸ್ತೂಲು ಇಡುವ ಮರದ ಹೋಲ್ಸ್ಟರನ್ನೇ ಅದಕ್ಕೆ ಸಿಕ್ಕಿಸಿ ಭುಜಕ್ಕೆ ಆನಿಸಿಕೊಳ್ಳಬಹುದಿತ್ತು. ಅಪ್ಪನಲ್ಲಿ ಟ್ರಿಗರ್ ಬಳೆ ದೊಡ್ಡದಾಯಿತು, ಕೊಂಡಿ ತಿರುಗುವಂತಾಯಿತು, ಮ್ಯಾಗಜೀನಿನ ತಳಕ್ಕೆ ಅಲ್ಯೂಮಿನಿಯಂ ಬಂತು.

ಕೂಸು ಮಾತ್ರ ಬೇರೆಯೇ ಕಥೆ. ಅದರ ಗುಂಡೂ ಚಿಕ್ಕದು, 8 ಮಿಲಿಮೀಟರ್ ಬದಲು 7. ಆಗ ಜಪಾನಿ ಸೇನಾಧಿಕಾರಿಗಳು ಪಿಸ್ತೂಲನ್ನು ತಮ್ಮ ಸ್ವಂತ ಹಣದಲ್ಲೇ ಕೊಳ್ಳಬೇಕಿತ್ತು. ಸೊಂಟಕ್ಕೆ ಹಗುರ, ನೋಡಲು ಚೆಂದ, ಜೇಬಿಗೆ ಮಾತ್ರ ಭಾರ, ಇದು ಆ ಅಧಿಕಾರಿಗಳಿಗಾಗಿ ಮಾಡಿದ ಪಿಸ್ತೂಲು. ಒಟ್ಟು ಆರೂವರೆ ಸಾವಿರದಷ್ಟು ಬಂದವು. ಹೆಚ್ಚಿನವು ಟೋಕಿಯೋ ಶಸ್ತ್ರ ಕಾರ್ಖಾನೆಯವು, ಕೆಲವು ನೂರು ಮಾತ್ರ ಟೋಕಿಯೋ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯವು. ಕಂಪನಿಯ ಮುದ್ರೆ ಇರುವ ಕೂಸು ಹರಾಜಿಗೆ ಬಂತೆಂದರೆ ಬೆಲೆ ಕೇಳಿಯೇ ಸುಸ್ತಾಗುತ್ತದೆ.

ನೋಡಲು ಜರ್ಮನಿಯ ಲೂಗರ್ ಥರ ಇದೆ. ಅದರ ನಕಲು ಅಲ್ವಾ?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಅಲ್ಲ. ಸಣ್ಣ ನಳಿಕೆ, ಓರೆಯಾದ ಹಿಡಿ, ಇಷ್ಟೇ ಹೋಲಿಕೆ. ಲೂಗರಿನ ಬೋಲ್ಟ್, ಅಂದರೆ ನಳಿಕೆಯ ಹಿಂಬದಿ ಮುಚ್ಚುವ ತುಂಡು, ಮೊಣಕಾಲು ಮಡಚಿದ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ನಂಬುವಿನಲ್ಲಿ ಬೋಲ್ಟ್ ನೇರವಾಗಿ ಹಿಂದಕ್ಕೆ ಓಡುತ್ತದೆ, ಅದನ್ನು ಬಿಗಿಹಿಡಿಯಲು ಕೆಳಗೊಂದು ತುಂಡು ಇಳಿದು ಏರುತ್ತದೆ. ಒಳಗಿನ ಕೆಲಸದ ಮಟ್ಟಿಗೆ ಹೇಳಬೇಕೆಂದರೆ ಅದು ಮೌಸರ್ ಅನ್ನುವ ಇನ್ನೊಂದು ಜರ್ಮನ್ ಪಿಸ್ತೂಲಿಗೆ ಹತ್ತಿರ.

ಮೂಲ ನಂಬುವಿನಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಒಂದೇ, ಅದೂ ಎಡಗಡೆ. ಅದಕ್ಕೇ ಎಡಗಡೆ ಸ್ವಲ್ಪ ಉಬ್ಬಿರುತ್ತದೆ. ಟೈಪ್ 14 ರಲ್ಲಿ ಎರಡೂ ಕಡೆ ಒಂದೊಂದು ಸ್ಪ್ರಿಂಗ್. ಹಿಂದಿನಿಂದ ನೋಡಿದರೆ ವ್ಯತ್ಯಾಸ ಥಟ್ಟನೆ ಕಾಣುತ್ತದೆ.

ಹಾಗಾದರೆ ಟೈಪ್ 14 ಬೇಕಾಗಿದ್ದು ಯಾಕೆ?

ದುಡ್ಡು. ಮೂಲ ನಂಬು ಮಾಡಲು ಕೆಲಸ ಜಾಸ್ತಿ. ಹಿಡಿಯ ಮುಂದೆ ಒತ್ತಬೇಕಾದ ಸೇಫ್ಟಿ, ಏರಿಸಿ ಇಳಿಸುವ ಗುರಿ ಪಟ್ಟಿ, ಎಲ್ಲವೂ ಕೈಕೆಲಸ. ಟೈಪ್ 14 ರಲ್ಲಿ ಇವೆರಡನ್ನೂ ತೆಗೆದುಹಾಕಿದರು. ಬದಲಿಗೆ ಎಡಗಡೆ ಒಂದು ಸನ್ನೆ (ಪುಟ್ಟ ಲಿವರ್) ಇಟ್ಟರು. ಅದನ್ನು ಅರ್ಧ ಸುತ್ತು ತಿರುಗಿಸಬೇಕು. ಒಂದು ಕೊನೆಗೆ ‘ಬೆಂಕಿ’ ಅನ್ನುವ ಅಕ್ಷರ, ಇನ್ನೊಂದಕ್ಕೆ ‘ಕ್ಷೇಮ’ ಅನ್ನುವ ಅಕ್ಷರ. ಪಿಸ್ತೂಲು ಹಿಡಿದ ಕೈಯಿಂದ ಈ ಸನ್ನೆ ತಿರುಗಿಸಲು ಆಗುವುದಿಲ್ಲ, ಇನ್ನೊಂದು ಕೈ ಬೇಕೇ ಬೇಕು. ಹೋರಾಟದ ನಡುವೆ ಇನ್ನೊಂದು ಕೈ ಎಲ್ಲಿಂದ ತರುವುದು ಅಂತ ಯಾರೂ ಕೇಳಲಿಲ್ಲವೋ ಏನೋ.

14, 94 ಈ ಸಂಖ್ಯೆಗಳು ಎಲ್ಲಿಂದ ಬಂದವು?

ವರ್ಷಗಳು. ಆದರೆ ಬೇರೆ ಬೇರೆ ಲೆಕ್ಕದ ವರ್ಷಗಳು, ಅಲ್ಲೇ ಗೊಂದಲ.

ಜಪಾನಿನಲ್ಲಿ ಚಕ್ರವರ್ತಿ ಬದಲಾದಾಗ ವರ್ಷದ ಎಣಿಕೆ ಒಂದರಿಂದ ಶುರುವಾಗುತ್ತದೆ. ಮೇಯ್ಜಿ 26 ಅಂದರೆ 1893, ಆ ವರ್ಷದ ರಿವಾಲ್ವರ್ ಟೈಪ್ 26. ತೈಶೋ 14 ಅಂದರೆ 1925, ಆ ವರ್ಷದ್ದು ಟೈಪ್ 14. ಆಮೇಲೆ ಸೇನೆ ಈ ಲೆಕ್ಕ ಬಿಟ್ಟು, ಜಪಾನಿನ ಮೊದಲ ಚಕ್ರವರ್ತಿಯ ಪಟ್ಟಾಭಿಷೇಕದಿಂದ ಎಣಿಸುವ ಲೆಕ್ಕ ಹಿಡಿಯಿತು. ಅದರ ಪ್ರಕಾರ 1934 ಅಂದರೆ 2594. ಕೊನೆಯ ಎರಡು ಅಂಕಿ ತೆಗೆದುಕೊಂಡರೆ ಟೈಪ್ 94.

ಪಿಸ್ತೂಲಿನ ಮೇಲಿನ ತಾರೀಖು ಓದುವುದು ಹೇಗೆ?

ಟೈಪ್ 14 ಮತ್ತು 94 ರ ಬಲಗಡೆ ಒಂದು ಅಕ್ಷರ, ಅದರ ಪಕ್ಕ ವರ್ಷ, ಚುಕ್ಕಿ, ತಿಂಗಳು. ಅಕ್ಷರ ‘ಶೋ’ ಆಗಿದ್ದರೆ ತೈಶೋ ನಂತರದ ಶೋವಾ ಕಾಲ. ನಮ್ಮ ಶಾಸನ ಓದುವವರು ಶಕ ವರ್ಷಕ್ಕೆ 78 ಸೇರಿಸುವ ಹಾಗೆ ಇಲ್ಲಿ 1925 ಸೇರಿಸಿ. ‘ಶೋ 14.9’ ಅಂದರೆ 1939 ರ ಸೆಪ್ಟೆಂಬರ್. ‘ಶೋ 20.8’ ಅಂದರೆ 1945 ರ ಆಗಸ್ಟ್, ಅಂದರೆ ಜಪಾನ್ ಶರಣಾದ ತಿಂಗಳು. ಆ ತಾರೀಖಿನ ಟೈಪ್ 14 ಗಳೂ ಇವೆ.

ಅಕ್ಷರವನ್ನು ಸರಿಯಾಗಿ ನೋಡಿ. ಟೈಪ್ 14 ರ ಮೊಟ್ಟಮೊದಲ ಪಿಸ್ತೂಲುಗಳು ತೈಶೋ 15 ರಲ್ಲಿ, ಅಂದರೆ 1926 ರ ಕೊನೆಯಲ್ಲಿ ಬಂದವು. ಶೋವಾ 15 ಅಂದರೆ 1940. ಅಂಕಿ ಅದೇ, ನಡುವೆ 14 ವರ್ಷ. ನಾನು ಇದರಲ್ಲಿ ಚೆನ್ನಾಗಿ ಮುಗ್ಗರಿಸಿದ್ದೇನೆ. ಒಂದು ಮಸುಕು ಫೋಟೋದಲ್ಲಿ 15.11 ಕಂಡಿತು, ಟ್ರಿಗರ್ ಬಳೆ ಮಾತ್ರ ಹಳೆಯ ಚಿಕ್ಕದು. ಆ ಬಳೆ 1939 ರ ಕೊನೆಗೇ ದೊಡ್ಡದಾಗಿತ್ತು. 1940 ರಲ್ಲಿ ಚಿಕ್ಕ ಬಳೆಯಾ! ಇಡೀ ವಾರ ಹೊಸ ಬಗೆ ಸಿಕ್ಕಿತೆಂದು ಕುಣಿದಾಡಿದೆ. ಆಮೇಲೆ ಒಳ್ಳೆಯ ಫೋಟೋ ಸಿಕ್ಕಿತು, ಅಕ್ಷರ ತೈಶೋದ್ದು. ಸೀರಿಯಲ್ ನಂಬರಿನಲ್ಲಿ ಎರಡೇ ಅಂಕಿ ಇದ್ದದ್ದನ್ನು ಮೊದಲೇ ನೋಡಿದ್ದರೆ ಈ ಕುಣಿತ ತಪ್ಪುತ್ತಿತ್ತು. ಪಿಸ್ತೂಲು ಅಪರೂಪದ್ದೇ ಹೌದು, ನಾನು ಅಂದುಕೊಂಡ ಅಪರೂಪ ಅದಲ್ಲ.

ಸೀರಿಯಲ್ ನಂಬರಿನ ಮುಂದೆ ಸುತ್ತಿನೊಳಗೆ ಒಂದು ಅಕ್ಷರ ಇದೆ. ಅದೇನು?

ಸರಣಿಯ ಗುರುತು. ಸಂಖ್ಯೆ ತುಂಬಾ ಉದ್ದವಾಗುವ ಬದಲು ಎಣಿಕೆಯನ್ನು ಮತ್ತೆ ಶುರುಮಾಡಿ ಮುಂದೆ ಒಂದು ಅಕ್ಷರ ಹಾಕುತ್ತಿದ್ದರು. ನಮ್ಮ ವಾಹನಗಳ ನಂಬರಿನಲ್ಲಿ 9999 ಮುಗಿದ ಮೇಲೆ ಅಕ್ಷರ ಬದಲಾಗುತ್ತದಲ್ಲ, ಹಾಗೆ. ಟೈಪ್ 14 ರಲ್ಲಿ ಅಕ್ಷರವಿಲ್ಲದವು, ‘ಇ’ ಇರುವವು, ‘ರೋ’ ಇರುವವು ಸಿಗುತ್ತವೆ.

ಅಆಇಈ ಥರ ಯಾಕಿಲ್ಲ, ‘ಇ’ ಆದ ಮೇಲೆ ‘ರೋ’ ಯಾಕೆ ಅಂತ ಕೇಳಬಹುದು. ಜಪಾನಿ ಅಕ್ಷರಗಳಿಗೆ ಎರಡು ಸಾಲು ಇದೆ. ಒಂದು ಅ, ಇ, ಉ, ಕ, ಸ ಅಂತ ಹೋಗುವುದು. ಅದರ ಬೇರು ನಮ್ಮ ವರ್ಣಮಾಲೆಯಲ್ಲೇ ಇದೆ, ಬೌದ್ಧರ ಜೊತೆ ಸಂಸ್ಕೃತ ಅಲ್ಲಿಗೆ ಹೋದಾಗ ಹೋಗಿದ್ದು. ಇನ್ನೊಂದು ‘ಇ-ರೋ-ಹ’ ಸಾಲು. ಪ್ರತಿ ಅಕ್ಷರವೂ ಒಂದೇ ಒಂದು ಸಲ ಬರುವ ಹಳೆಯ ಪದ್ಯದ ಕ್ರಮ ಅದು. ಬದುಕು ನಿಲ್ಲುವುದಿಲ್ಲ, ಹೂವು ಉದುರುತ್ತದೆ ಅನ್ನುವ ಅರ್ಥದ ಪದ್ಯ. ಕಾರ್ಖಾನೆಯವರು ಪಿಸ್ತೂಲು ಎಣಿಸಲು ಅದನ್ನು ಆರಿಸಿಕೊಂಡಿದ್ದು ಬರೀ ರೂಢಿಯಿಂದ. ಆದರೂ ಪ್ರತಿ ಸಲ ‘ರೋ’ ಕಂಡಾಗ ನನಗೆ ಆ ಪದ್ಯ ನೆನಪಾಗದೆ ಇರುವುದಿಲ್ಲ.

ಯಾವ ಕಾರ್ಖಾನೆಯದು ಅಂತ ಹೇಗೆ ತಿಳಿಯುವುದು?

ಮುದ್ರೆ ನೋಡಿ. ಟೋಕಿಯೋದ ಕೊಯಿಶಿಕಾವ ಕಾರ್ಖಾನೆಯ ಮುದ್ರೆ, ಪೇರಿಸಿಟ್ಟ ಫಿರಂಗಿ ಗುಂಡುಗಳನ್ನು ಮೇಲಿನಿಂದ ನೋಡಿದ ಹಾಗೆ, ಒಂದರ ಮೇಲೊಂದು ಬಂದ ಸುತ್ತುಗಳು. ಆ ಕೆಲಸ ಕೊಕುರಾಗೆ ಹೋದ ಮೇಲೂ ಅದೇ ಮುದ್ರೆ ಮುಂದುವರಿಯಿತು, ಆದ್ದರಿಂದ ಟೋಕಿಯೋ, ಕೊಕುರಾ ಬೇರ್ಪಡಿಸಲು ತಾರೀಖು ನೋಡಲೇಬೇಕು. ನಗೋಯದ ಮುದ್ರೆ, ಆ ಊರಿನ ಕೋಟೆಯ ಮಾಡಿನ ಮೇಲಿರುವ ಜೋಡಿ ಚಿನ್ನದ ಮೀನುಗಳನ್ನು ಗೆರೆಗಳಿಗೆ ಇಳಿಸಿದ್ದು. ನಂಬು ಅವರ ಸ್ವಂತ ಕಂಪನಿಯಲ್ಲಿ ಆದದ್ದಕ್ಕೆ ನಗೋಯ ಮುದ್ರೆಯ ಜೊತೆಗೆ ಕಂಪನಿಯ ಮುದ್ರೆಯೂ ಇರುತ್ತದೆ. ಆ ಕಂಪನಿಯೇ ಆಮೇಲೆ ಚೂಓ ಕೋಗ್ಯೋ ಆಯಿತು.

ಜಾಗಗಳ ಕಥೆ ಇಲ್ಲಿ ಹೇಳಲೇಬೇಕು. ಕೊಯಿಶಿಕಾವ ಕಾರ್ಖಾನೆಗೆ 1923 ರ ಸೆಪ್ಟೆಂಬರ್ 1 ರ ಭೂಕಂಪದಲ್ಲಿ ಭಾರಿ ಪೆಟ್ಟು ಬಿತ್ತು. ಅದನ್ನು ಮತ್ತೆ ಅಲ್ಲೇ ಕಟ್ಟುವುದರ ಬದಲು 1930 ರ ದಶಕದಲ್ಲಿ ದಕ್ಷಿಣದ ಕೊಕುರಾಗೆ ಸಾಗಿಸಿದರು. ಖಾಲಿಯಾದ ಜಾಗದಲ್ಲಿ ಬೇಸ್‌ಬಾಲ್ ಮೈದಾನ ಬಂತು, ಇಂದು ಅಲ್ಲಿ ಟೋಕಿಯೋ ಡೋಮ್ ಇದೆ. ಕೊಕುರಾದ ಕಾರ್ಖಾನೆ 1945 ರ ಆಗಸ್ಟ್ 9 ರಂದು ಎರಡನೇ ಅಣುಬಾಂಬಿನ ಮೊದಲ ಗುರಿಯಾಗಿತ್ತು. ಮೋಡ, ಹೊಗೆ ಕವಿದು ಗುರಿ ಕಾಣಲಿಲ್ಲ. ವಿಮಾನ ನಾಗಸಾಕಿಯ ಕಡೆ ತಿರುಗಿತು.

ನಗೋಯದ್ದು ಎರಡು ಜಾಗ. ಮೊದಲು ಚಿಗುಸ, 1941 ರ ಕೊನೆಯಿಂದ ತೊರಿಇಮತ್ಸು. ತೊರಿಇಮತ್ಸು ಇಂದಿನ ಕಸುಗಾಯ್ ಊರಿನಲ್ಲಿದೆ. ಯುದ್ಧ ಮುಗಿಯುವ ಹಿಂದಿನ ದಿನ, ಆಗಸ್ಟ್ 14 ರಂದು, ನಾಗಸಾಕಿಯ ಬಾಂಬಿನ ಆಕಾರದ್ದೇ ಆದ, ಒಳಗೆ ಮಾಮೂಲಿ ಸ್ಫೋಟಕ ತುಂಬಿದ ಬಾಂಬುಗಳು ಅಲ್ಲಿ ಬಿದ್ದವು. ಈಗ ಆ ಜಾಗದಲ್ಲಿ ಕಾಗದದ ಕಾರ್ಖಾನೆ. ‘ಶೋ 20.8’ ಅಂತ ಬರೆದ ಪಿಸ್ತೂಲು ನೋಡುವಾಗ ಇದಿಷ್ಟನ್ನೂ ಸೇರಿಸಿ ನೋಡಿ.

ಟೈಪ್ 14 ರಲ್ಲಿ ಏನೇನು ಬದಲಾಯಿತು?

ತುಂಬಾ. ಕಣ್ಣಿಗೆ ಬೀಳುವುದರಿಂದ ಶುರು ಮಾಡೋಣ.

ಟ್ರಿಗರ್ ಬಳೆ. ಮೊದಲು ದುಂಡಗೆ, ಚಿಕ್ಕದು. 1939 ರ ಕೊನೆಯ ಭಾಗದಿಂದ ಮುಂದಕ್ಕೆ ಉಬ್ಬಿದ ದೊಡ್ಡ ಬಳೆ. ಮಂಚೂರಿಯಾದ ಚಳಿಯಲ್ಲಿ ದಪ್ಪ ಕೈಗವಸು ಹಾಕಿದ ಬೆರಳು ಚಿಕ್ಕ ಬಳೆಯೊಳಗೆ ತೂರುತ್ತಿರಲಿಲ್ಲ. ಸಂಗ್ರಹಕಾರರು ಟೈಪ್ 14 ನ್ನು ಎರಡು ಭಾಗ ಮಾಡುವುದೇ ಈ ಬಳೆಯಿಂದ.

ಬೋಲ್ಟ್ ಎಳೆಯುವ ಗುಂಡಿ. ಮೊದಲು ಸುತ್ತಲೂ ಮೂರು ಗೆರೆ ಕೊರೆದ ಅಚ್ಚುಕಟ್ಟಾದ ಗುಂಡಿ. 1944 ರ ಹೊತ್ತಿಗೆ ಗೆರೆ ಹೋಗಿ, ಜಾರದಿರಲೆಂದು ಬರೀ ತರಿತರಿ ಮಾಡಿದ ಗುಂಡಿ.

ಹಿಡಿಯ ಮರ. ಮೊದಲು ಒತ್ತಾಗಿ ಇಪ್ಪತ್ತಕ್ಕೂ ಹೆಚ್ಚು ಅಡ್ಡಗೆರೆ. ಆಮೇಲೆ ಗೆರೆ ಅಗಲವಾದವು, ಸಂಖ್ಯೆ ಕಡಿಮೆಯಾಯಿತು. ಕೊನೆಗೆ ಗೆರೆಯೇ ಇಲ್ಲದ ಬೋಳು ಹಲಗೆ. ಗೆರೆ ಎಣಿಸುವುದು ಸುಲಭ, ಹೊಸಬರಿಗೆ ನಾನು ಮೊದಲು ಕೊಡುವ ಕೆಲಸ ಇದೇ.

ಹೊಳಪು. ಮೊದಮೊದಲ ಪಿಸ್ತೂಲುಗಳ ನೀಲಿ ಹೊಳಪು ಕನ್ನಡಿಯಂತೆ, ಟ್ರಿಗರ್ ಮುಂತಾದ ಸಣ್ಣ ಭಾಗಗಳು ಕಾಸಿದ ಉಕ್ಕಿನ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತವೆ. ಮ್ಯಾಗಜೀನಿಗೆ ನಿಕ್ಕಲ್ ಲೇಪ. ಯುದ್ಧ ಮುಂದುವರಿದಂತೆ ಉಜ್ಜುವುದು ಕಡಿಮೆಯಾಯಿತು. 1945 ರವುಗಳ ಮೇಲೆ ಯಂತ್ರದ ಕೊರೆತದ ಗುರುತು ಹಾಗೇ ನಿಂತಿದೆ.

ಒಳಗಿನ ಬದಲಾವಣೆಗಳು ಬೇರೆ. 1932 ರ ಸುಮಾರಿಗೆ ಮ್ಯಾಗಜೀನ್ ಹೊರಗಿದ್ದಾಗ ಟ್ರಿಗರ್ ಒತ್ತದಂತೆ ತಡೆಯುವ ಒಂದು ಸೇಫ್ಟಿ ಬಂತು. ಗುಂಡಿನ ಹಿಂಬದಿಗೆ ಹೊಡೆಯುವ ಫೈರಿಂಗ್ ಪಿನ್ ಗಿಡ್ಡವಾಯಿತು. ಹಳೆಯ ಪಿನ್ ಮುರಿಯುವುದು ಎಷ್ಟು ಮಾಮೂಲಿಯಾಗಿತ್ತೆಂದರೆ ಹೋಲ್ಸ್ಟರಿನೊಳಗೆ ಇನ್ನೊಂದು ಪಿನ್ ಇಡಲು ಪುಟ್ಟ ಜೇಬನ್ನೇ ಹೊಲಿದಿರುತ್ತಿದ್ದರು. 1940 ರ ಹೊತ್ತಿಗೆ ಹಿಡಿಯ ಮುಂಭಾಗದಲ್ಲಿ ಮ್ಯಾಗಜೀನನ್ನು ಬಿಗಿಹಿಡಿಯುವ ಪಟ್ಟಿ ಸ್ಪ್ರಿಂಗ್ ಸೇರಿತು. ಮ್ಯಾಗಜೀನ್ ಜಾರಿ ಬೀಳುವುದು ನಿಂತಿತು, ಬೇಕಾದಾಗ ತೆಗೆಯುವುದು ಕಷ್ಟವಾಯಿತು. ಗುಂಡು ಖಾಲಿಯಾದಾಗ ಬೋಲ್ಟ್ ಮ್ಯಾಗಜೀನಿನ ಮೇಲೇ ಒತ್ತಿ ನಿಲ್ಲುತ್ತದೆ. ಅದರ ಮೇಲೆ ಈ ಸ್ಪ್ರಿಂಗ್. ಬೆವರಿದ ಕೈಯಲ್ಲಿ ಅದನ್ನು ಕೀಳಲು ಹೋದವನ ಪಾಡು ನೀವೇ ಊಹಿಸಿ.

ಹೋಲ್ಸ್ಟರ್ ಕೂಡ ಬದಲಾಯಿತು. ಚಿಪ್ಪಿನಂತೆ ಮುಚ್ಚಿಕೊಳ್ಳುವ ಚರ್ಮದ ಹೋಲ್ಸ್ಟರ್ ಹೋಗಿ, ರಬ್ಬರ್ ಬಳಿದ ಬಟ್ಟೆಯದು ಬಂತು.

ಈ ಬದಲಾವಣೆಗಳು ಒಂದೇ ದಿನ ಎಲ್ಲ ಕಡೆ ಆದವಾ?

ಇಲ್ಲ, ಮಜಾ ಇರುವುದೇ ಅಲ್ಲಿ. ಕಾರ್ಖಾನೆಯಲ್ಲಿ ಹೊಸ ಭಾಗ ಬಂತೆಂದು ಹಳೆಯದನ್ನು ಯಾರೂ ಎಸೆಯುವುದಿಲ್ಲ. ಡಬ್ಬದಲ್ಲಿ ಉಳಿದಿದ್ದು ಮುಗಿಯುವವರೆಗೆ ಹಾಕುತ್ತಾರೆ. ಆದ್ದರಿಂದ ಒಂದು ತಿಂಗಳು, ಎರಡು ತಿಂಗಳು ಹಳೆಯದು ಹೊಸದು ಬೆರೆತು ಬರುತ್ತವೆ. ಒಂದು ಕಾರ್ಖಾನೆ ಬದಲಾದ ಎಷ್ಟೋ ಕಾಲದ ಮೇಲೆ ಇನ್ನೊಂದು ಬದಲಾಗುತ್ತದೆ. ಹಳೆಯ ಬಳೆ ಮತ್ತು ಹೊಸ ತಾರೀಖು ಒಟ್ಟಿಗೆ ಕಂಡರೆ ಅದು ಮೋಸ ಇರಬಹುದು, ಡಬ್ಬದ ತಳದ ಭಾಗವೂ ಇರಬಹುದು. ಅಕ್ಕಪಕ್ಕದ ಸೀರಿಯಲ್ ನಂಬರುಗಳನ್ನು ನೋಡದೆ ಹೇಳಲಾಗದು.

ಇಷ್ಟೆಲ್ಲ ಕಂಡುಹಿಡಿಯುವ ಬದಲು ಜಪಾನಿನ ಸರ್ಕಾರಿ ದಾಖಲೆ ನೋಡಿದರಾಯಿತಲ್ಲ?

ದಾಖಲೆ ಇದ್ದರೆ ತಾನೇ? 1945 ರ ಆಗಸ್ಟ್ ಮಧ್ಯದಲ್ಲಿ ಶರಣಾಗತಿ ಖಚಿತವಾದ ಕೂಡಲೇ ಸೇನೆಯ ಕಾಗದಪತ್ರ ಸುಡಲು ಆದೇಶ ಹೋಯಿತು. ದಿನಗಟ್ಟಲೆ ಕಚೇರಿಗಳ ಅಂಗಳದಲ್ಲಿ ಕಾಗದ ಉರಿಯಿತು. ಬಾಂಬಿಗೆ ಸಿಕ್ಕ ಕಾರ್ಖಾನೆಗಳಲ್ಲಿ ಹೋಗಿದ್ದು ಬೇರೆ. ಯಾವ ತಿಂಗಳು ಎಷ್ಟು ಪಿಸ್ತೂಲು ಬಂತು, ಯಾವ ಭಾಗ ಯಾವಾಗ ಬದಲಾಯಿತು ಅನ್ನುವ ಪೂರ್ತಿ ಲೆಕ್ಕ ಕಾಗದದಲ್ಲಿ ಉಳಿಯಲಿಲ್ಲ. ಉಳಿದಿದ್ದು ಕಬ್ಬಿಣದ ಮೇಲೆ.

ಆದ್ದರಿಂದ ಸಂಗ್ರಹಕಾರರು ತಲೆಕೆಳಗಾಗಿ ಕೆಲಸ ಮಾಡಿದರು. ಸಿಕ್ಕ ಪ್ರತಿ ಪಿಸ್ತೂಲಿನ ಸೀರಿಯಲ್ ನಂಬರ್, ತಾರೀಖು, ಮುದ್ರೆ, ಗುಂಡಿ, ಗೆರೆ, ಬಳೆ ಬರೆದುಕೊಂಡರು. ನೂರಾರು, ಆಮೇಲೆ ಸಾವಿರಾರು. ನಂಬರಿನ ಪ್ರಕಾರ ಸಾಲಾಗಿ ಜೋಡಿಸಿದರೆ ತಿಂಗಳ ಗಡಿಗಳು ತಾವಾಗಿಯೇ ಕಾಣುತ್ತವೆ. ಒಂದು ತಿಂಗಳ ಅತಿ ಚಿಕ್ಕ ನಂಬರ್, ಮುಂದಿನ ತಿಂಗಳ ಅತಿ ಚಿಕ್ಕ ನಂಬರ್, ಇವೆರಡರ ನಡುವಿನ ವ್ಯತ್ಯಾಸವೇ ಆ ತಿಂಗಳ ಉತ್ಪಾದನೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಲೆಕ್ಕಿಗರು ಜರ್ಮನ್ ಟ್ಯಾಂಕುಗಳ ನಂಬರಿನಿಂದ ಟ್ಯಾಂಕು ಎಣಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ.

ನಮ್ಮಲ್ಲಿ ಊರೂರು ತಿರುಗಿ ವೀರಗಲ್ಲು, ಶಾಸನ ಪಟ್ಟಿ ಮಾಡಿದವರ ಕೆಲಸಕ್ಕೂ ಇದಕ್ಕೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಒಂದು ಕಲ್ಲು ಒಂದು ಕಲ್ಲೇ. ಸಾವಿರ ಕಲ್ಲು ಸಾಲಾದರೆ ಆಳ್ವಿಕೆಯ ಗಡಿ ಸರಿದದ್ದು ಕಾಣುತ್ತದೆ.

‘ಕಿಸ್ಕಾ’ ಮಾದರಿ ಅಂದರೆ ಯಾವುದು?

ದೊಡ್ಡ ಬಳೆಯ ಟೈಪ್ 14 ಕ್ಕೆ ಅಮೆರಿಕನ್ನರು ಕೊಟ್ಟ ಹೆಸರು. ಕಿಸ್ಕಾ ಅಲಾಸ್ಕಾದ ಬಾಲದಂತಿರುವ ಅಲ್ಯೂಷಿಯನ್ ದ್ವೀಪಗಳಲ್ಲಿ ಒಂದು. 1942 ರ ಜೂನ್‌ನಲ್ಲಿ ಜಪಾನ್ ಹಿಡಿಯಿತು. 1943 ರ ಜುಲೈನಲ್ಲಿ ಮಂಜಿನ ಮರೆಯಲ್ಲಿ ಸದ್ದಿಲ್ಲದೆ ಖಾಲಿ ಮಾಡಿತು. ಆಗಸ್ಟ್ 15 ರಂದು ಮಿತ್ರಪಡೆ ಇಳಿದಾಗ ದ್ವೀಪದಲ್ಲಿ ಒಬ್ಬ ಜಪಾನಿಯೂ ಇರಲಿಲ್ಲ. ಹೆಸರು ಸೊಗಸಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಆ ಬಳೆ ಕಿಸ್ಕಾಗಾಗಿ ಬಂದದ್ದಲ್ಲ, ದ್ವೀಪ ಹಿಡಿಯುವ ಹೊತ್ತಿಗೆ ಅದು ಎರಡು ವರ್ಷಕ್ಕಿಂತ ಹಳೆಯದಾಗಿತ್ತು.

ಟೈಪ್ 94 ಮುಟ್ಟಿದರೆ ಹಾರುತ್ತದಂತೆ, ನಿಜವಾ?

ಅರ್ಧ ನಿಜ. ಟೈಪ್ 94 ರ ಎಡಗಡೆ, ಟ್ರಿಗರ್ ಎಳೆತವನ್ನು ಹಿಂದಕ್ಕೆ ಸಾಗಿಸುವ ಒಂದು ಪಟ್ಟಿ ಹೊರಗೇ ಕಾಣುತ್ತದೆ. ಗುಂಡು ತುಂಬಿ, ಎಳೆದಿಟ್ಟು, ಸೇಫ್ಟಿ ತೆಗೆದಿದ್ದರೆ, ಆ ಪಟ್ಟಿಯನ್ನು ಜೋರಾಗಿ ಒತ್ತಿದಾಗ ಟ್ರಿಗರ್ ಮುಟ್ಟದೆಯೂ ಗುಂಡು ಹಾರಬಹುದು. ಇಷ್ಟು ನಿಜ. ಸೇಫ್ಟಿ ಹಾಕಿದ್ದರೆ ಹಾರದು. ಶರಣಾಗುವ ನೆಪದಲ್ಲಿ ಪಿಸ್ತೂಲು ಕೊಡುತ್ತಾ ಅಧಿಕಾರಿಗಳು ಹೀಗೆ ಗುಂಡು ಹಾರಿಸುತ್ತಿದ್ದರು, ಅದಕ್ಕೇ ಹೀಗೆ ಮಾಡಿದ್ದರು ಅನ್ನುವುದು ಕಟ್ಟುಕಥೆ. ಅದು ಉಪಾಯವಲ್ಲ, ಬರೀ ಕೆಟ್ಟ ವಿನ್ಯಾಸ.

ಈ ಪಿಸ್ತೂಲಿನಲ್ಲಿ ಆರೇ ಗುಂಡು. ಹಿಡಿ ಚಿಕ್ಕದು. ಟ್ಯಾಂಕು, ವಿಮಾನದೊಳಗೆ ಇಕ್ಕಟ್ಟಿನಲ್ಲಿ ಕೂರುವವರಿಗೆ ಇದು ಅನುಕೂಲ. 1935 ರಿಂದ 1945 ರವರೆಗೆ ಸುಮಾರು 71 ಸಾವಿರ ತಯಾರಾದವು. ಮೊದಲಿನವುಗಳ ಹಿಡಿಗೆ ಬೇಕಲೈಟ್ ಅನ್ನುವ ಪ್ಲಾಸ್ಟಿಕ್, ಕೊನೆಯವುಗಳಿಗೆ ಒರಟು ಮರ. ಕೊನೆಯ ವರ್ಷದಲ್ಲಿ ಹಿಂಭಾಗದ ದುಂಡು ಅಂಚು ಹೋಗಿ ಚೌಕವಾಯಿತು, ದುಂಡು ಮಾಡುವಷ್ಟು ಹೊತ್ತೂ ಯಾರಿಗೂ ಇರಲಿಲ್ಲ. ಟೈಪ್ 14 ರಲ್ಲಿ ಮೆಲ್ಲಗೆ ಕಾಣುವ ಇಳಿತ ಟೈಪ್ 94 ರಲ್ಲಿ ಕಣ್ಣಿಗೆ ರಾಚುತ್ತದೆ.

ಜಪಾನಿ ರೈಫಲ್ಲುಗಳ ಮೇಲಿನ ಸೇವಂತಿಗೆ ಮುದ್ರೆ ಪಿಸ್ತೂಲಿನ ಮೇಲೂ ಇರುತ್ತದಾ?

ಇರುವುದಿಲ್ಲ. ಚಕ್ರವರ್ತಿಯ ಗುರುತಾದ 16 ಎಸಳಿನ ಸೇವಂತಿಗೆ ರೈಫಲ್ಲುಗಳ ಮೇಲಿತ್ತು. ಸೇವಂತಿಗೆ ಕೊರೆದ ನಂಬು ಪಿಸ್ತೂಲನ್ನು ಯಾರಾದರೂ ‘ರಾಜಮನೆತನದ್ದು’ ಅಂತ ತೋರಿಸಿದರೆ ಕೈಮುಗಿದು ಎದ್ದು ಬನ್ನಿ.

‘ಮ್ಯಾಚಿಂಗ್’ ಅಂತಾರಲ್ಲ, ಅಷ್ಟು ಮುಖ್ಯವಾ?

ಹೌದು. ಪೂರ್ತಿ ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿಗಳನ್ನು ಒಳಗಿನ ಭಾಗಗಳ ಮೇಲೂ ಕೊರೆಯುತ್ತಿದ್ದರು. ಎಲ್ಲ ಒಂದೇ ಆದರೆ ಪಿಸ್ತೂಲು ಕಾರ್ಖಾನೆಯಿಂದ ಹೊರಟ ಹಾಗೇ ಇದೆ ಅಂತ. ಮ್ಯಾಗಜೀನ್ ಕೂಡ ಕೂಡಿಬರುವುದು ಅಪರೂಪ, ಸೈನಿಕರು ಒಟ್ಟಿಗೆ ಕೂತು ಒರೆಸಿದಾಗಲೇ ಅದಲುಬದಲಾಗಿರುತ್ತದೆ. ಹಾಗಂತ ಬೆರಕೆಯಾದದ್ದು ದಂಡ ಅನ್ನಬೇಡಿ. ಬೆಲೆ ಇಳಿಯುತ್ತದೆ, ಮಾಹಿತಿ ಇಳಿಯುವುದಿಲ್ಲ. ಪಟ್ಟಿಗೆ ಅದೂ ಒಂದು ಸಾಲು.

ಮೋಸ ಹೇಗೆಲ್ಲ ಮಾಡುತ್ತಾರೆ?

ಇಡೀ ಪಿಸ್ತೂಲು ನಕಲಿ ಮಾಡುವುದು ಕಡಿಮೆ. ಹೆಚ್ಚಾಗಿ ಸಾಮಾನ್ಯ ಪಿಸ್ತೂಲಿಗೆ ಅಲಂಕಾರ ಮಾಡುತ್ತಾರೆ. ಹೊಸದಾಗಿ ನೀಲಿ ಹಾಕಿಸುವುದು ಒಂದು. ಉಜ್ಜಿದಾಗ ಅಕ್ಷರಗಳ ಅಂಚು ಮೊಂಡಾಗುತ್ತದೆ, ಸಮತಟ್ಟಾದ ಜಾಗ ಅಲೆಅಲೆಯಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಇನ್ನೊಂದು, ಹೊಸ ಹೋಲ್ಸ್ಟರನ್ನು ಚಹಾ ಬಣ್ಣಕ್ಕೆ ತಿರುಗಿಸಿ ಹಳೆಯದೆಂದು ಮಾರುವುದು. ಮೂರನೆಯದು ಕಾಗದ. ಅಮೆರಿಕದ ಸೈನಿಕರು ಯುದ್ಧದಿಂದ ಪಿಸ್ತೂಲು ತರುವಾಗ ಮೇಲಧಿಕಾರಿ ರುಜು ಹಾಕಿದ ಅನುಮತಿ ಚೀಟಿ ಇರುತ್ತಿತ್ತು. ಅಂಥ ಚೀಟಿಯಿದ್ದರೆ ಬೆಲೆ ಏರುತ್ತದೆ, ಹಾಗಾಗಿ ಚೀಟಿಗಳೂ ಹುಟ್ಟಿಕೊಳ್ಳುತ್ತವೆ. ಚೀಟಿಯಲ್ಲಿ ಸೀರಿಯಲ್ ನಂಬರ್ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಆ ಚೀಟಿ ಯಾವ ಪಿಸ್ತೂಲಿನದೂ ಆಗಬಹುದು.

ಹಿನೊ-ಕೊಮುರೊ ಅಷ್ಟು ವಿಚಿತ್ರವಾ?

ವಿಚಿತ್ರವೇ. ಬೇರೆ ಪಿಸ್ತೂಲುಗಳಲ್ಲಿ ಬೋಲ್ಟ್ ಹಿಂದಕ್ಕೆ ಹೋಗುತ್ತದೆ. ಇದರಲ್ಲಿ ನಳಿಕೆಯೇ ಮುಂದಕ್ಕೆ ಹೋಗುತ್ತದೆ. 1908 ರ ಸುಮಾರಿನದು, ತಯಾರಾದದ್ದು ಸಾವಿರದ ಆಸುಪಾಸು. ಇದನ್ನು ಯೋಚಿಸಿದ ಹಿನೊ ಕುಮಾಝೊ 1910 ರ ಡಿಸೆಂಬರ್‌ನಲ್ಲಿ ಟೋಕಿಯೋದ ಯೊಯೊಗಿಯಲ್ಲಿ ವಿಮಾನ ಹಾರಿಸಿದವರು, ಜಪಾನಿನ ಮೊದಲ ಇಬ್ಬರು ವಿಮಾನಿಗಳಲ್ಲಿ ಒಬ್ಬರು. ತಲೆಯಲ್ಲಿ ಏನೇನು ಓಡುತ್ತಿತ್ತೋ ಪುಣ್ಯಾತ್ಮನಿಗೆ.

ಅಮೆರಿಕದ ರೂಗರ್ ಪಿಸ್ತೂಲಿಗೂ ನಂಬುವಿಗೂ ಸಂಬಂಧ ಇದೆ ಅಂತಾರೆ?

ಇದೆ. 1945 ರಲ್ಲಿ ವಿಲಿಯಂ ರೂಗರ್, ಯುದ್ಧದಿಂದ ಮರಳಿದ ಸೈನಿಕನೊಬ್ಬನಿಂದ ಒಂದು ನಂಬು ಕೊಂಡು, ಮನೆಯ ಗ್ಯಾರೇಜಿನಲ್ಲಿ ಅದರಂಥದ್ದೇ ಎರಡನ್ನು ಮಾಡಿ ನೋಡಿದರು. 1949 ರಲ್ಲಿ ಬಂದ ರೂಗರ್ ಸ್ಟ್ಯಾಂಡರ್ಡ್ ಪಿಸ್ತೂಲಿನ ದುಂಡು ಬೋಲ್ಟು, ಹಿಂದೆ ಎಳೆಯುವ ಕಿವಿಗಳು ಅಲ್ಲಿಂದ ಬಂದದ್ದು. ಸೋತ ಸೇನೆಯ ಪಿಸ್ತೂಲು ಗೆದ್ದವರ ದೇಶದಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು ಅನ್ನಬಹುದು.

ಜಪಾನಿಗರೇ ಇವನ್ನು ಸಂಗ್ರಹಿಸುವುದಿಲ್ಲವಾ?

ಅಲ್ಲಿ ಮಾಮೂಲಿ ಜನ ಪಿಸ್ತೂಲು ಇಟ್ಟುಕೊಳ್ಳುವಂತೆಯೇ ಇಲ್ಲ. 1958 ರ ಕಾನೂನು ಬಹಳ ಬಿಗಿ. ತೀರಾ ಹಳೆಯ ಬತ್ತಿ ಕೋವಿಯನ್ನು ನೋಂದಾಯಿಸಿ ಇಟ್ಟುಕೊಳ್ಳಬಹುದು, ನಂಬುವನ್ನು ಆಗದು. ಅಲ್ಲಿನ ಆಸಕ್ತರು ಮಾದರಿ ಗನ್ ಕೊಳ್ಳುತ್ತಾರೆ. 1971 ರಿಂದ ಲೋಹದ ಮಾದರಿ ಪಿಸ್ತೂಲಿಗೂ ಬಿಳಿ ಅಥವಾ ಹಳದಿ ಬಣ್ಣ ಕಡ್ಡಾಯ. ಹೀಗಾಗಿ ಜಪಾನಿ ಪಿಸ್ತೂಲಿನ ಸಂಶೋಧನೆ ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ, ಸೈನಿಕರು ಚೀಲದಲ್ಲಿ ಹೊತ್ತು ತಂದ ಪಿಸ್ತೂಲುಗಳ ಮೇಲೆ.

ನಮ್ಮ ಕರ್ನಾಟಕದಲ್ಲಿ ಸಿಗಬಹುದಾ?

ದಾರಿಯಂತೂ ಇದೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಪಡೆಗಳು ಬರ್ಮಾ ಗಡಿಯಲ್ಲಿ ಜಪಾನಿಗರೊಂದಿಗೆ ಕಾದಾಡಿದವು. 1944 ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್ ಬೆಟ್ಟದ ಕಾಳಗದಲ್ಲಿ ಅವರ 4 ನೇ ಬೆಟಾಲಿಯನ್ ಇತ್ತು. ಯುದ್ಧದಿಂದ ಮರಳಿದವರ ಟ್ರಂಕಿನಲ್ಲಿ ಏನಾದರೂ ಬಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ಅಟ್ಟದ ಮೇಲೆ ಅಂಥದ್ದೇನಾದರೂ ಸಿಕ್ಕರೆ ಮೊದಲು ಪೊಲೀಸ್ ಠಾಣೆಗೆ ತಿಳಿಸಿ, ಆಮೇಲೆ ಮಿಕ್ಕ ಮಾತು. 1959 ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅದೇ ಕಾಯ್ದೆಯ 45 ನೇ ಸೆಕ್ಷನ್ನಿನಲ್ಲಿ ಹಳೆಯ, ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಇದೆ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿ ಇರಬೇಕು. 1945 ರ ಟೈಪ್ 14 ಅಷ್ಟು ಸುಲಭಕ್ಕೆ ಆ ಸ್ಥಿತಿಗೆ ಬರುವುದಿಲ್ಲ. ‘ಅಜ್ಜನ ಕಾಲದ್ದು, ಸುಮ್ನೆ ಇಟ್ಟಿದ್ದೇವೆ’ ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲದು. 2019 ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು, ಪಿಸ್ತೂಲು ಇರುವಂತಿಲ್ಲ, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಬರುತ್ತದೆ.

ನಾನೂ ಪಟ್ಟಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಫೋಟೋದಿಂದ. ಹರಾಜಿಗೆ ಬರುವ ಪಿಸ್ತೂಲುಗಳ ಫೋಟೋ ಬೇಕಾದಷ್ಟು ಸಿಗುತ್ತವೆ, ಮಾರಾಟವಾದ ಮೇಲೆ ಅಳಿಸಿಹೋಗುತ್ತವೆ, ಹಾಗಾಗಿ ಕಂಡ ದಿನವೇ ಉಳಿಸಿಕೊಳ್ಳಿ. ಪ್ರತಿಯೊಂದಕ್ಕೂ ಬಲಗಡೆಯ ಬರಹ, ಎಡಗಡೆಯ ಸನ್ನೆ, ಬಳೆ, ಹಿಂದಿನ ಗುಂಡಿ, ಹಿಡಿಯ ಗೆರೆ, ಮ್ಯಾಗಜೀನಿನ ನಂಬರ್ ಬರೆಯಿರಿ. ಓದಲಾಗದ ಅಂಕಿಯ ಜಾಗದಲ್ಲಿ ಊಹೆ ತುಂಬಬೇಡಿ, ಗೆರೆ ಎಳೆದು ಬಿಡಿ. 3 ಮತ್ತು 8 ಮಸುಕಾದಾಗ ಒಂದೇ ಥರ ಕಾಣುತ್ತವೆ. ನನ್ನ ರೂಲ್ ಪುಸ್ತಕದ ಮೊದಲ ನಲವತ್ತು ಪುಟಗಳಲ್ಲಿ ಅಂಥ 3 ಗಳು ಎಷ್ಟು 8 ಆಗಿ ಕೂತಿವೆಯೋ, ಈಗಲೂ ಒಂದೊಂದಾಗಿ ತಿದ್ದುತ್ತಿದ್ದೇನೆ.